ಶಿಬಿರ ಮಾಡಿದಷ್ಟೂ ಬಿಪಿ ರೋಗಿಗಳು ಹೆಚ್ಚುತ್ತಿದ್ದಾರೆ, ಏಕೆ?

ಪ್ರಶ್ನೆ: ನಾನು ಹಾವೇರಿ ಜಿಲ್ಲೆಯ ಒಂದು ಗ್ರಾಮ ಪಂಚಾಯತಿಯ ಸದಸ್ಯೆ. ಐದು ಹಳ್ಳಿ ಸೇರಿ ನಮ್ಮ ಜನಸಂಖ್ಯೆ ಸುಮಾರು 7,000. ಮೂರು ವರ್ಷದಿಂದ ಬಿಪಿ, ಶುಗರ್ ತಪಾಸಣಾ ಶಿಬಿರ ಮಾಡಿಸುತ್ತಿದ್ದೇವೆ. ಮೊದಲ ವರ್ಷ ರಿಜಿಸ್ಟರಿನಲ್ಲಿ 140 ಬಿಪಿ ರೋಗಿಗಳಿದ್ದರು, ಮರುವರ್ಷ 230 ಆದರು, ಈಗ 310. ಉಪ್ಪು ಕಡಿಮೆ ಮಾಡಿ, ವಾಕಿಂಗ್ ಮಾಡಿ ಎಂದು ಪ್ರತಿ ಸಲ ಭಾಷಣವೂ ಆಗುತ್ತದೆ. ಆದರೂ ಕಳೆದ ಆರು ತಿಂಗಳಲ್ಲಿ ನಾಲ್ವರಿಗೆ ಲಕ್ವಾ (ಪಾರ್ಶ್ವವಾಯು) ಹೊಡೆಯಿತು. ಅವರಲ್ಲಿ ಮೂವರಿಗೆ ಬಿಪಿ ಇದೆ ಎಂದು ನಮ್ಮ ಶಿಬಿರದಲ್ಲೇ ಗೊತ್ತಾಗಿತ್ತು. ರೇಷನ್ ಅಕ್ಕಿಯಿಂದ ಹೀಗಾಗುತ್ತಿದೆ ಎಂದು ಕೆಲವರು, ಹೊಲಕ್ಕೆ ಹೊಡೆಯುವ ಔಷಧಿಯಿಂದ ಎಂದು ಕೆಲವರು. ‘ಗುಳಿಗಿ ಚಾಲೂ ಮಾಡಿದ್ರ ಸಾಯೂತನಕ ಬಿಡಂಗಿಲ್ಲ’ ಎಂಬ ಹೆದರಿಕೆ ಬೇರೆ. ತರಬೇತಿಯೊಂದರಲ್ಲಿ ‘ವ್ಯವಸ್ಥಾ ಚಿಂತನೆ’ ಎಂಬ ಮಾತು ಕೇಳಿದೆ, ಅದನ್ನು ನಮ್ಮ ಊರಿಗೆ ಹೇಗೆ ಹಚ್ಚುವುದೋ ತಿಳಿಯಲಿಲ್ಲ. ನಮ್ಮಲ್ಲಿರುವ ಸ್ವಲ್ಪ ಹಣವನ್ನು ಮುಂದಿನ ವರ್ಷ ಇನ್ನೂ ದೊಡ್ಡ ಶಿಬಿರಕ್ಕೆ ಹಾಕಬೇಕೆ?

ಉತ್ತರ: ದೊಡ್ಡ ಶಿಬಿರಕ್ಕೆ ಹಾಕಬೇಡಿ, ಈ ವರ್ಷವಂತೂ ಬೇಡ. ಶಿಬಿರ ಕೆಟ್ಟದ್ದೆಂದು ಹೀಗೆ ಹೇಳುತ್ತಿಲ್ಲ. ನಿಮ್ಮ ಪತ್ರದಲ್ಲಿ ಎರಡು ಬೇರೆ ಚಿಂತೆಗಳು ಒಂದಕ್ಕೊಂದು ಹೆಣೆದುಕೊಂಡಿವೆ. ರಿಜಿಸ್ಟರಿನಲ್ಲಿ ಹೆಸರು ಏರುತ್ತಿರುವುದು ಒಂದು, ಪತ್ತೆಯಾದವರಿಗೇ ಲಕ್ವಾ ಹೊಡೆದದ್ದು ಇನ್ನೊಂದು. ಮೊದಲನೆಯದಕ್ಕೆ ನೀವು ಗಾಬರಿಯಾಗಬೇಕಿಲ್ಲ. ಎರಡನೆಯದಕ್ಕೆ ಗಾಬರಿಯಾಗಬೇಕು.

ಮೊದಲು 310ರ ವಿಚಾರ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ದೇಶಾದ್ಯಂತ ನಡೆಸಿ 2023ರಲ್ಲಿ ಪ್ರಕಟಿಸಿದ ದೊಡ್ಡ ಅಧ್ಯಯನದ ಪ್ರಕಾರ ವಯಸ್ಕರಲ್ಲಿ ಶೇ 35.5 ಮಂದಿಗೆ ಅಧಿಕ ರಕ್ತದೊತ್ತಡ, ಶೇ 11.4 ಮಂದಿಗೆ ಮಧುಮೇಹ. ಹಳ್ಳಿಗಳಷ್ಟನ್ನೇ ತೆಗೆದುಕೊಂಡರೂ ಬಿಪಿ ಹೆಚ್ಚುಕಡಿಮೆ ಮೂವರಲ್ಲಿ ಒಬ್ಬರಿಗಿದೆ. 7,000 ಜನರಲ್ಲಿ 30 ದಾಟಿದವರು ಸರಿಸುಮಾರು ಅರ್ಧ, ಅಂದರೆ 3,500 ಎಂದುಕೊಳ್ಳಿ. ಅವರಲ್ಲಿ ಮೂರನೇ ಒಂದು ಪಾಲೆಂದರೆ 1,100 ದಾಟುತ್ತದೆ. ನಿಮಗೆ ಸಿಕ್ಕಿರುವುದು 310. ಇನ್ನೂ ಎಂಟು ನೂರರಷ್ಟು ಜನ ರಿಜಿಸ್ಟರಿನ ಹೊರಗಿದ್ದಾರೆ, ಅವರಲ್ಲಿ ಹಲವರು ತಮಗೆ ಬಿಪಿ ಇರುವುದು ಗೊತ್ತಿಲ್ಲದೆ ಓಡಾಡುತ್ತಿರಬಹುದು. ಹಾಗಾಗಿ ಹುಡುಕುವ ಕೆಲಸ ನೆಟ್ಟಗೆ ನಡೆದರೆ ಈ ಸಂಖ್ಯೆ ಇನ್ನೂ ಹಲವು ವರ್ಷ ಏರಲೇಬೇಕು.

ಇದನ್ನು ಕೆರೆಯಂತೆ ನೋಡಿದರೆ ಸಲೀಸಾಗಿ ಅರ್ಥವಾಗುತ್ತದೆ. ಕೆರೆಗೆ ಹಳ್ಳದ ನೀರು ಬರುತ್ತದೆ, ಕೋಡಿಯಿಂದ ಹೊರಗೆ ಹೋಗುತ್ತದೆ. ಹೊಸದಾಗಿ ಬಿಪಿ ಬರುವವರು ಒಳಹರಿವು. ಬಿಪಿ ಸಾಮಾನ್ಯವಾಗಿ ವಾಸಿಯಾಗಿ ಹೋಗುವ ಕಾಯಿಲೆಯಲ್ಲ, ಆದ್ದರಿಂದ ಹೊರಹರಿವು ಎಂದರೆ ಬಹುಮಟ್ಟಿಗೆ ಸಾವು. ಚಿಕಿತ್ಸೆ ಚೆನ್ನಾಗಿ ನಡೆದರೆ ಜನ ಹೆಚ್ಚು ಕಾಲ ಬದುಕುತ್ತಾರೆ, ಕೆರೆಯ ಮಟ್ಟ ಏರುತ್ತದೆ. ರೋಗಿಗಳ ಒಟ್ಟು ಸಂಖ್ಯೆ ಹಿಡಿದು ಕೆಲಸ ಗೆದ್ದಿತೋ ಸೋತಿತೋ ಹೇಳಲಾಗದು ಎನ್ನುವುದು ಇದಕ್ಕೇ. ಅದರ ಬದಲು ಮೂರು ಸಂಖ್ಯೆ ನೋಡಿ: 30 ದಾಟಿದವರಲ್ಲಿ ಎಷ್ಟು ಜನರ ಬಿಪಿ ಈ ವರ್ಷ ಅಳೆಯಲಾಗಿದೆ, ಬಿಪಿ ಇರುವವರಲ್ಲಿ ಎಷ್ಟು ಜನ ಕಳೆದ ತಿಂಗಳು ಗುಳಿಗೆ ಒಯ್ದಿದ್ದಾರೆ, ಒಯ್ದವರಲ್ಲಿ ಎಷ್ಟು ಜನರ ಬಿಪಿ 140/90ಕ್ಕಿಂತ ಕೆಳಗಿದೆ. ಬಿಪಿ ಮೊದಲೇ ಗೊತ್ತಿದ್ದ ಆ ಮೂವರ ಲಕ್ವಾದ ಕಾರಣ ಬಹುಶಃ ಸಿಗುವುದು ಎರಡನೆಯ ಮತ್ತು ಮೂರನೆಯ ಸಂಖ್ಯೆಯಲ್ಲಿ.

310ರೊಳಗೂ ಸ್ವಲ್ಪ ತಪ್ಪು ಎಣಿಕೆ ಇರಬಹುದು. ಶಿಬಿರದಲ್ಲಿ ಬಿಸಿಲಲ್ಲಿ ಸಾಲು ನಿಂತು, ಚಹಾ ಕುಡಿದು, ತಂಬಾಕು ಬಾಯಲ್ಲಿಟ್ಟುಕೊಂಡು ಬಂದವರ ಬಿಪಿ ಹೆಚ್ಚೇ ತೋರಿಸುತ್ತದೆ. ಅಳೆಯುವ ಮೊದಲು ಅರ್ಧ ಗಂಟೆ ಚಹಾ, ಬೀಡಿ, ತಂಬಾಕು ಇರಬಾರದು. ಮೂತ್ರ ವಿಸರ್ಜಿಸಿ, ಬೆನ್ನಿಗೆ ಆಸರೆಯಿರುವ ಕುರ್ಚಿಯಲ್ಲಿ ಐದು ನಿಮಿಷ ಸುಮ್ಮನೆ ಕೂರಬೇಕು. ಪಾದ ನೆಲಕ್ಕೆ ತಾಗಿರಲಿ, ತೋಳು ಎದೆಯ ಮಟ್ಟಕ್ಕೆ ಮೇಜಿನ ಮೇಲಿರಲಿ, ಪಟ್ಟಿ ಬರಿಯ ತೋಳಿಗೆ ಬರಲಿ, ಅಂಗಿ ಸೀರೆಯ ಮೇಲೆ ಸುತ್ತುವುದು ಬೇಡ. ದಪ್ಪ ತೋಳಿಗೆ ಸಣ್ಣ ಪಟ್ಟಿ ಕಟ್ಟಿದರೂ ಬಿಪಿ ಹೆಚ್ಚು ಬರುತ್ತದೆ. ಒಂದೆರಡು ನಿಮಿಷ ಬಿಟ್ಟು ಇನ್ನೊಮ್ಮೆ ಅಳೆಯಬೇಕು, ಹೆಚ್ಚಿದ್ದರೆ ಬೇರೊಂದು ದಿನ ಮತ್ತೆ ಅಳೆದು ಖಚಿತಪಡಿಸಬೇಕು. ಶುಗರಿಗೂ ಇದೇ ಮಾತು. ಬೆರಳು ಚುಚ್ಚಿ ನೋಡಿದಾಗ 140 ದಾಟಿದರೆ ಮುಂದಿನ ಪರೀಕ್ಷೆಗೆ ಕಳಿಸಬೇಕು ಎಂದಷ್ಟೇ ಅರ್ಥ, ಅಷ್ಟರಿಂದಲೇ ಅವರು ಮಧುಮೇಹಿ ಆಗುವುದಿಲ್ಲ. ತಪ್ಪಾಗಿ ರೋಗಿ ಎನಿಸಿಕೊಂಡವರು ಆಮೇಲೆ ಬೇರೆ ಕಡೆ ತೋರಿಸಿ ‘ನನಗೆ ಏನೂ ಇಲ್ಲವಂತೆ’ ಎಂದು ಊರಲ್ಲಿ ಹೇಳಿದಾಗ, ನಿಜವಾಗಿ ಬಿಪಿ ಇದ್ದವರೂ ಗುಳಿಗೆ ಬಿಡುತ್ತಾರೆ.

ಈಗ ಗುಳಿಗೆಯ ವಿಚಾರ. ವ್ಯವಸ್ಥಾ ಚಿಂತನೆ ಎಂದರೆ ಏನು ಎಂಬುದಕ್ಕೂ ಇದೇ ಒಳ್ಳೆಯ ಉದಾಹರಣೆ. ‘ಯಾಕೆ ಗುಳಿಗೆ ಬಿಟ್ಟಿರಿ’ ಎಂದು ಒಬ್ಬರನ್ನು ಕೇಳಿ ಬೈದು ಬರುವುದರಿಂದ ಏನೂ ಆಗದು. ಯಾವುದು ಯಾವುದನ್ನು ಎಳೆಯುತ್ತಿದೆ, ತಿರುಗಿ ಎಲ್ಲಿಗೆ ಬಂದು ಮುಟ್ಟುತ್ತಿದೆ ಎಂದು ಹುಡುಕಬೇಕು.

ಸಾಮಾನ್ಯವಾಗಿ ನಡೆಯುವುದು ಹೀಗೆ. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ (ಪಿಎಚ್‌ಸಿ) ದಾಸ್ತಾನು ಕಡಿಮೆ, ಅದಕ್ಕೇ ಒಬ್ಬರಿಗೆ ಹತ್ತು ಗುಳಿಗೆ ಕೊಡುತ್ತಾರೆ. ಹತ್ತು ದಿನಕ್ಕೊಮ್ಮೆ ಬಸ್ಸು ಹಿಡಿದು, ಅರ್ಧ ದಿನದ ಕೂಲಿ ಬಿಟ್ಟು ಹೋಗಲು ಯಾರಿಗೂ ಆಗುವುದಿಲ್ಲ, ಬಿತ್ತನೆ ಮತ್ತು ಸುಗ್ಗಿಯಲ್ಲಂತೂ ಸಾಧ್ಯವೇ ಇಲ್ಲ. ತಿಂಗಳಿಗೊಮ್ಮೆ ಹೋಗುತ್ತಾರೆ, ಇಪ್ಪತ್ತು ದಿನ ಗುಳಿಗೆ ಇಲ್ಲದೆ ಕಳೆಯುತ್ತಾರೆ. ತಲೆನೋವಿಲ್ಲ, ಸುಸ್ತಿಲ್ಲ, ‘ಆರಾಮ ಅದೀನಿ’ ಎನಿಸಿ ಹೋಗುವುದನ್ನೇ ನಿಲ್ಲಿಸುತ್ತಾರೆ. ಮುಂದಿನ ತ್ರೈಮಾಸಿಕಕ್ಕೆ ಇಂಡೆಂಟ್ (ಗುಳಿಗೆಯ ಬೇಡಿಕೆ ಪಟ್ಟಿ) ಹಾಕುವಾಗ ಕಳೆದ ಸಲ ಎಷ್ಟು ಖರ್ಚಾಯಿತು ಎಂಬ ಲೆಕ್ಕ ನೋಡುತ್ತಾರೆ. ಬಂದವರೇ ಕಡಿಮೆ, ಖರ್ಚೂ ಕಡಿಮೆ, ಇಂಡೆಂಟೂ ಕಡಿಮೆ. ಬರುವ ದಾಸ್ತಾನು ಇನ್ನೂ ಕಡಿಮೆಯಾಗಿ ಮತ್ತೆ ಹತ್ತೇ ಗುಳಿಗೆ.

ಇದನ್ನು ಅಂಕಿಯಲ್ಲಿ ನೋಡಿ. 310 ಜನರಿಗೆ ದಿನಕ್ಕೊಂದು ಗುಳಿಗೆಯಂತೆ ಮೂರು ತಿಂಗಳಿಗೆ 27,900 ಗುಳಿಗೆ ಬೇಕು. 120 ಜನ ಮಾತ್ರ ತಿಂಗಳಿಗೊಮ್ಮೆ ಬಂದು ಹತ್ತು ಹತ್ತು ಒಯ್ದರೆ ಮೂರು ತಿಂಗಳ ಖರ್ಚು 3,600. ಬೇಕಾದದ್ದರ ಸುಮಾರು ಎಂಟನೇ ಒಂದು ಪಾಲು ಮಾತ್ರ. ಆದರೂ ಕಾಗದದ ಮೇಲೆ ಎಲ್ಲವೂ ಸರಿ: ಕೇಳಿದ್ದು ಬಂತು, ಬಂದದ್ದು ಖರ್ಚಾಯಿತು. ಇಲ್ಲಿ ಯಾರೊಬ್ಬರೂ ತಪ್ಪು ಮಾಡಿಲ್ಲ, ಹೀಗಾಗಿ ಯಾರನ್ನು ಬೈದರೂ ಸರಿಹೋಗುವುದಿಲ್ಲ. ದೊಡ್ಡ ಶಿಬಿರ ಮಾಡಿ ಇನ್ನೂ 400 ಜನರನ್ನು ಇದೇ ಸುತ್ತಿನೊಳಗೆ ತಳ್ಳಿದರೆ ಪಿಎಚ್‌ಸಿ ವೈದ್ಯರಿಗೆ ಒಬ್ಬರಿಗೆ ಎರಡು ನಿಮಿಷವೂ ಸಿಗುವುದಿಲ್ಲ, ಗುಳಿಗೆ ಇನ್ನೂ ಹಂಚಿಹೋಗುತ್ತದೆ. ನಾನು ಮೊದಲೇ ಬೇಡ ಎಂದದ್ದು ಇದಕ್ಕೆ.

ಈ ಸುತ್ತನ್ನು ಮುರಿಯುವ ಜಾಗ ಇಂಡೆಂಟ್. ಖರ್ಚಾದ ಲೆಕ್ಕ ಬಿಟ್ಟು, ರಿಜಿಸ್ಟರಿನಲ್ಲಿ ಖಚಿತಪಟ್ಟ ರೋಗಿಗಳ ಲೆಕ್ಕದ ಮೇಲೆ ಇಂಡೆಂಟ್ ಹೋಗಬೇಕು. ಒಬ್ಬರಿಗೆ 30 ದಿನದ ಗುಳಿಗೆ, ಮೂರು ತಿಂಗಳು, ಅದರ ಮೇಲೆ ಕಾಲು ಪಾಲು ಹೆಚ್ಚುವರಿ: ನಿಮ್ಮ ಲೆಕ್ಕಕ್ಕೆ ಸುಮಾರು 35,000. ಎರಡನೇ ಗುಳಿಗೆ ಬೇಕಾದವರದ್ದು ಬೇರೆ. ದೇಶದ ಅಧಿಕ ರಕ್ತದೊತ್ತಡ ನಿಯಂತ್ರಣ ಕಾರ್ಯಕ್ರಮ ನಿಂತಿರುವುದೂ ಈ ತತ್ವದ ಮೇಲೆಯೇ: ಎಲ್ಲರಿಗೂ ಒಂದೇ ಸರಳ ಚಿಕಿತ್ಸಾ ಕ್ರಮ, ಕನಿಷ್ಠ 30 ದಿನದ ಗುಳಿಗೆ, ಮನೆಗೆ ಹತ್ತಿರದ ಕೇಂದ್ರದಲ್ಲಿ ವಿತರಣೆ, ಬಾರದವರನ್ನು ಹುಡುಕುವುದು. ವೈದ್ಯಾಧಿಕಾರಿ ಒಮ್ಮೆ ಬರೆದುಕೊಟ್ಟ ಮೇಲೆ ತಿಂಗಳ ಗುಳಿಗೆಯನ್ನು ನಿಮ್ಮ ಉಪಕೇಂದ್ರದ ಆಯುಷ್ಮಾನ್ ಆರೋಗ್ಯ ಮಂದಿರದಲ್ಲೇ ಸಮುದಾಯ ಆರೋಗ್ಯ ಅಧಿಕಾರಿ (ಸಿಎಚ್‌ಒ) ಕೊಡಬಹುದು. ಆ ಕೇಂದ್ರದ ಜನ ಆರೋಗ್ಯ ಸಮಿತಿಯಲ್ಲಿ ಪಂಚಾಯತಿಗೆ ಜಾಗವಿದೆ. ಈ ಲೆಕ್ಕ ಹೇಳಿ ನಿರ್ಣಯ ಬರೆಸಲು ಅದೇ ಸರಿಯಾದ ಸಭೆ. ವಿತರಣೆಯ ದಿನವನ್ನು ಸಂತೆಯ ದಿನಕ್ಕೋ ರೇಷನ್ ಕೊಡುವ ದಿನಕ್ಕೋ ಹೊಂದಿಸಿ, ಜನ ಹೇಗೂ ಹೊರಗೆ ಬಂದಿರುತ್ತಾರೆ.

ಗುಳಿಗೆ ಸಾಯುವ ತನಕ ಬಿಡುವಂತಿಲ್ಲ ಎಂಬ ಮಾತಿನಲ್ಲಿ ಅರ್ಧ ನಿಜವಿದೆ. ಹೆಚ್ಚಿನವರಿಗೆ ದೀರ್ಘಕಾಲ ಬೇಕಾಗುತ್ತದೆ. ಆದರೆ ಅದು ಚಟವಲ್ಲ. ಗುಳಿಗೆ ಬಿಟ್ಟಾಗ ಬಿಪಿ ಏರುವುದು ಗುಳಿಗೆಯ ದೋಷದಿಂದಲ್ಲ, ಒಳಗೆ ಕಾಯಿಲೆ ಇನ್ನೂ ಇರುವುದರಿಂದ. ತೂಕ ಇಳಿಸಿ, ಉಪ್ಪು ತಗ್ಗಿಸಿದ ಕೆಲವರಿಗೆ ವೈದ್ಯರು ಪ್ರಮಾಣ ಕಡಿಮೆ ಮಾಡುವುದೂ ಉಂಟು. ತಾವಾಗಿಯೇ ನಿಲ್ಲಿಸಬಾರದು ಅಷ್ಟೆ. ಅಮ್ಲೋಡಿಪಿನ್ ಎಂಬ ಬಿಪಿ ಗುಳಿಗೆ ನುಂಗುವ ಕೆಲವರಿಗೆ ಪಾದ ಊದಿಕೊಳ್ಳುತ್ತದೆ. ಇದನ್ನು ಮೊದಲೇ ಹೇಳಿರದಿದ್ದರೆ ‘ಗುಳಿಗೆ ಕಿಡ್ನಿ ಕೆಡಿಸಿತು’ ಎಂಬ ಸುದ್ದಿ ಒಂದು ವಾರದಲ್ಲಿ ಐದೂ ಹಳ್ಳಿ ಸುತ್ತುತ್ತದೆ. ವಾಸ್ತವದಲ್ಲಿ ಕಿಡ್ನಿ ಕೆಡಿಸುವುದು ಹಿಡಿತದಲ್ಲಿಲ್ಲದ ಬಿಪಿ ಮತ್ತು ಶುಗರ್. ಪಾದ ಊದಿದರೆ ವೈದ್ಯರು ಬೇರೆ ಗುಳಿಗೆ ಬರೆದುಕೊಡಬಲ್ಲರು.

ಇನ್ನು ಊರಿನ ಮಾತುಗಳು. ಹೊಲದ ಔಷಧಿಯ ವಿಷ ನಿಜವಾದ ಅಪಾಯ, ಮುಖ ಮುಚ್ಚಿಕೊಳ್ಳದೆ ಹೊಡೆಯಬಾರದು. ಆದರೆ ಇಷ್ಟು ಜನರ ಬಿಪಿಗೆ ಅದನ್ನೇ ಮುಖ್ಯ ಕಾರಣ ಮಾಡಿದರೆ ಉಪ್ಪು, ತಂಬಾಕು, ಕುಡಿತ, ಸೊಂಟದ ಸುತ್ತಳತೆ, ಕೂತಲ್ಲೇ ಕೂರುವುದು ಇವೆಲ್ಲ ತಪ್ಪಿಸಿಕೊಳ್ಳುತ್ತವೆ. ರೇಷನ್ ಅಕ್ಕಿಯೊಂದರ ಮೇಲೆ ತಪ್ಪು ಹೊರಿಸುವುದೂ ಸರಿಯಲ್ಲ. ತಟ್ಟೆಯ ಮುಕ್ಕಾಲು ಪಾಲು ಅನ್ನವಾಗಿ, ಬೇಳೆ, ಕಾಳು, ಪಲ್ಯ ಮೂಲೆ ಸೇರಿರುವುದು ಸಮಸ್ಯೆ. ಅನ್ನ ಬಿಟ್ಟು ಅಷ್ಟೇ ಪ್ರಮಾಣದ ರಾಗಿ ಮುದ್ದೆಯನ್ನೋ ನಾಲ್ಕು ರೊಟ್ಟಿಯನ್ನೋ ತಿಂದರೂ ಶುಗರ್ ಏರುತ್ತದೆ. ಜೋಳ, ರಾಗಿ ಒಳ್ಳೆಯವೇ, ಆದರೆ ಪ್ರಮಾಣಕ್ಕೆ ಮಿತಿ ಬೇಕಾಗದಷ್ಟು ಒಳ್ಳೆಯವಲ್ಲ.

ಉಪ್ಪಿನ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಕೆರೆಯ ಒಳಹರಿವನ್ನೇ ತಗ್ಗಿಸಲು ಪಂಚಾಯತಿ ಕೈಯಲ್ಲಿರುವ ದೊಡ್ಡ ದಾರಿ ಇದು. ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಮಿತಿ ಒಬ್ಬರಿಗೆ ದಿನಕ್ಕೆ 5 ಗ್ರಾಂ. ಭಾಷಣದಲ್ಲಿ ‘5 ಗ್ರಾಂ’ ಎಂದರೆ ಯಾರ ಮನಸ್ಸಿಗೂ ಹತ್ತುವುದಿಲ್ಲ. ಉಪ್ಪಿನ ಪ್ಯಾಕೆಟ್ ಮೇಲೆ ಒಡೆದ ದಿನಾಂಕ ಬರೆಯಲು ಹೇಳಿ. ಐದು ಜನರ ಮನೆಯಲ್ಲಿ ದಿನಕ್ಕೆ 25 ಗ್ರಾಂ ಆದರೆ ಒಂದು ಕಿಲೋ 40 ದಿನ ಬರಬೇಕು. 20 ದಿನಕ್ಕೇ ಮುಗಿದರೆ ಒಬ್ಬೊಬ್ಬರೂ 10 ಗ್ರಾಂ ತಿನ್ನುತ್ತಿದ್ದಾರೆ. ಅನ್ನ ಬಸಿದ ನೀರಿನಲ್ಲಿ ಹೋದದ್ದು, ನೆಂಟರು ಉಂಡದ್ದು ಎಲ್ಲ ಸೇರಿ ಇದು ಒರಟು ಲೆಕ್ಕವೇ, ಆದರೆ ಅಡುಗೆ ಮಾಡುವವರೇ ಇಟ್ಟ ಲೆಕ್ಕವಾದ್ದರಿಂದ ನಂಬುತ್ತಾರೆ. ಸ್ವಸಹಾಯ ಸಂಘದ ಹತ್ತು ಮನೆ ಎರಡು ಪ್ಯಾಕೆಟ್ ಮುಗಿಯುವ ತನಕ ದಿನ ಎಣಿಸಿದರೆ ಸಾಕು. ಈ ಲೆಕ್ಕದ ಹೊರಗೆ ಉಳಿಯುವುದು ಕೊಂಡು ತಂದ ಹಪ್ಪಳ, ಉಪ್ಪಿನಕಾಯಿ, ಬೇಕರಿ ತಿಂಡಿ, ಚುರುಮುರಿ ಇತ್ಯಾದಿ. ಮನೆಯಲ್ಲೇ ಮಾಡಿದ ಕೆಂಪಿಂಡಿಗೆ (ಕೆಂಪು ಮೆಣಸಿನಕಾಯಿ ಚಟ್ನಿ), ಉಪ್ಪಿನಕಾಯಿಗೆ ಒಮ್ಮೆಲೇ ಕಿಲೋಗಟ್ಟಲೆ ಹಾಕಿದ್ದನ್ನು ಬೇರೆ ಬರೆದುಕೊಳ್ಳಲಿ. ರೊಟ್ಟಿಯ ಪಕ್ಕ ಮೂರು ಹೊತ್ತೂ ಬರುವುದು ಅದೇ.

ಒಮ್ಮೆಲೇ ಅರ್ಧಕ್ಕೆ ಇಳಿಸಿದರೆ ಮನೆಯವರು ತಟ್ಟೆಗೆ ಮೇಲುಪ್ಪು ಹಾಕಿಕೊಳ್ಳುತ್ತಾರೆ, ಗೆದ್ದದ್ದು ಅಲ್ಲೇ ಹೋಯಿತು. ಎರಡು ಮೂರು ವಾರಕ್ಕೊಮ್ಮೆ ಹತ್ತರಲ್ಲಿ ಒಂದು ಪಾಲು ತಗ್ಗಿಸುತ್ತ ಹೋದರೆ ನಾಲಿಗೆ ಹೊಂದಿಕೊಳ್ಳುತ್ತದೆ. ಕೈಯಳತೆ ಬಿಟ್ಟು ಒಂದೇ ಚಮಚ ಇಟ್ಟುಕೊಳ್ಳಲಿ. ಬಿಸಿಯೂಟದ ಅಡುಗೆಯವರಿಂದ ಶುರು ಮಾಡಿದರೆ ಒಂದೇ ಪಾತ್ರೆಯಿಂದ ನೂರಾರು ಮಕ್ಕಳ ನಾಲಿಗೆ ತಿದ್ದಬಹುದು. ಅಲ್ಲಿ ಮನವೊಲಿಸಬೇಕಾದವರು ಇಬ್ಬರೋ ಮೂವರೋ ಅಷ್ಟೆ.

ಪೊಟ್ಯಾಸಿಯಂ ಬೆರೆಸಿದ, ಸೋಡಿಯಂ ಕಡಿಮೆ ಇರುವ ಉಪ್ಪಿನ ಬಗ್ಗೆ ಯಾರಾದರೂ ನಿಮಗೆ ಹೇಳಬಹುದು. ಅದರ ಹಿಂದೆ ಗಟ್ಟಿ ಆಧಾರವಿದೆ. ಚೀನಾದ 600 ಹಳ್ಳಿಗಳಲ್ಲಿ ಸುಮಾರು 21,000 ಜನರ ಮೇಲೆ ನಡೆಸಿ 2021ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಇಂಥ ಉಪ್ಪು ಬಳಸಿದವರಿಗೆ ಪಾರ್ಶ್ವವಾಯು ಶೇ 14ರಷ್ಟು ಕಡಿಮೆಯಾಯಿತು. ಆದರೆ ಕಿಡ್ನಿ ದುರ್ಬಲವಾದವರಿಗೆ, ಟೆಲ್ಮಿಸಾರ್ಟನ್‌ನಂಥ ಕೆಲವು ಬಿಪಿ ಗುಳಿಗೆ ನುಂಗುವವರಿಗೆ ರಕ್ತದಲ್ಲಿ ಪೊಟ್ಯಾಸಿಯಂ ಅಪಾಯದ ಮಟ್ಟಕ್ಕೆ ಏರಬಹುದು. ಕಿಡ್ನಿ ಪರೀಕ್ಷೆಯನ್ನೇ ಮಾಡಿಸದ ಹಳ್ಳಿಯಲ್ಲಿ ಯಾರಿಗೆ ತೊಂದರೆ ಇದೆ ಎಂದು ಗೊತ್ತಿರುವುದಿಲ್ಲ. ಬೆಲೆಯೂ ಹೆಚ್ಚು. ವೈದ್ಯರನ್ನು ಕೇಳಿ ಒಬ್ಬೊಬ್ಬರು ಬಳಸುವುದು ಬೇರೆ, ಪಂಚಾಯತಿಯಿಂದ ಮನೆಮನೆಗೆ ಹಂಚುವುದು ಬೇರೆ. ಹಂಚುವುದು ಬೇಡ. ಬಳಸುವವರೂ ಅಯೋಡಿನ್ ಇದೆಯೇ ಎಂದು ಪ್ಯಾಕೆಟ್ ಮೇಲೆ ನೋಡಿಕೊಳ್ಳಲಿ.

ಯಾವುದು ಯಾವುದನ್ನು ಎಳೆಯುತ್ತಿದೆ ಎಂದು ತೋರಿಸುವ ನಿಮ್ಮ ಊರಿನ ನಕ್ಷೆ ಬರೆಯುವುದಕ್ಕೆ ಎರಡು ತಾಸು, ನಾಲ್ಕು ಚಾರ್ಟ್ ಹಾಳೆ ಸಾಕು. ಆಶಾ, ಸಿಎಚ್‌ಒ, ಪಿಡಿಒ, ಅಂಗನವಾಡಿ ಕಾರ್ಯಕರ್ತೆ, ಬಿಸಿಯೂಟದವರು, ಕಿರಾಣಿ ಅಂಗಡಿಯವರು, ಮಿರ್ಚಿ ಬಂಡಿಯವರು, ಗುಳಿಗೆ ಬಿಟ್ಟ ಇಬ್ಬರು ರೋಗಿಗಳು, ಎಲ್ಲರನ್ನೂ ಕರೆಯಿರಿ. ನಡುವೆ ‘ಬಿಪಿ’ ಎಂದು ಬರೆದರೆ ಮಾತು ಎತ್ತಲೋ ಹೋಗುತ್ತದೆ. ‘ಮೂರು ತಿಂಗಳಾದ ಮೇಲೆ ಗುಳಿಗೆ ಬಿಡುತ್ತಾರೆ’ ಎಂದು ಬರೆಯಿರಿ. ‘ಯಾಕೆ?’ ಎಂದು ಕೇಳಿ ಬಂದ ಉತ್ತರ ಬರೆದು ಬಾಣ ಎಳೆಯಿರಿ. ಪ್ರತಿ ಉತ್ತರಕ್ಕೂ ಮತ್ತೆ ‘ಯಾಕೆ’, ಆಮೇಲೆ ‘ಇದರಿಂದ ಮುಂದೇನಾಗುತ್ತದೆ’ ಎಂದು ಕೇಳಿ. ಒಂದು ಹೆಚ್ಚಾದರೆ ಇನ್ನೊಂದೂ ಹೆಚ್ಚಾಗುವ ಕಡೆ ಕೂಡುವ ಗುರುತು, ಕಡಿಮೆಯಾಗುವ ಕಡೆ ಕಳೆಯುವ ಗುರುತು ಹಾಕಿ. ಬಾಣಗಳು ತಿರುಗಿ ಹೊರಟಲ್ಲಿಗೇ ಬಂದು ಸೇರುವ ಜಾಗದಲ್ಲಿ ನಿಮ್ಮ ಊರಿನ ಸುತ್ತು ಸಿಗುತ್ತದೆ. ಇಂಥ ಸಭೆ ಕೆಡುವುದು ಎರಡು ಕಡೆ. ಅಧ್ಯಕ್ಷರು, ವೈದ್ಯರು ಮೊದಲು ಮಾತಾಡಿಬಿಟ್ಟರೆ ಉಳಿದವರು ಹೌದು ಎನ್ನುತ್ತಾರೆ, ಆದ್ದರಿಂದ ರೋಗಿಗಳು ಮತ್ತು ಆಶಾ ಮೊದಲು ಮಾತಾಡಲಿ. ಇನ್ನೊಂದು, ನಲವತ್ತು ಬಾಣಗಳ ಚಿತ್ರ ಬರೆದು ಗೋಡೆಗೆ ಅಂಟಿಸಿ ಮನೆಗೆ ಹೋಗುವುದು. ಎದ್ದೇಳುವ ಮೊದಲು ಎರಡೇ ಜಾಗ ಆರಿಸಿ, ಯಾರು, ಯಾವ ದಿನಾಂಕದೊಳಗೆ ಎಂದು ಬರೆದುಕೊಳ್ಳಿ.

ಮಿರ್ಚಿ ಬಂಡಿಯವರನ್ನು ಕರೆಯಿರಿ ಎಂದದ್ದಕ್ಕೆ ಕಾರಣವಿದೆ. ಫಿನ್ಲೆಂಡಿನ ಉತ್ತರ ಕರೇಲಿಯಾ ಪ್ರಾಂತ್ಯದಲ್ಲಿ ಒಂದು ಕಾಲಕ್ಕೆ ನಡುವಯಸ್ಸಿನ ಗಂಡಸರು ಹೃದಯಾಘಾತದಿಂದ ಸಾಯುತ್ತಿದ್ದ ಪ್ರಮಾಣ ಜಗತ್ತಿನಲ್ಲೇ ಅತಿ ಹೆಚ್ಚಿನದರಲ್ಲಿ ಒಂದು. 1972ರಲ್ಲಿ ಪೆಕ್ಕಾ ಪುಸ್ಕಾ ಅವರ ಮುಂದಾಳತ್ವದಲ್ಲಿ ಶುರುವಾದ ಕಾರ್ಯಕ್ರಮ ಮಹಿಳಾ ಸಂಘಗಳನ್ನು, ಅಂಗಡಿಗಳನ್ನು, ಡೇರಿಗಳನ್ನು, ಸಾಸೇಜ್ ತಯಾರಕರನ್ನು ಜೊತೆಗೆ ಕಟ್ಟಿಕೊಂಡಿತು. ಬೆಣ್ಣೆ ತಿನ್ನುವುದು ಕಡಿಮೆಯಾದರೆ ಹೈನುಗಾರರಿಗೆ ನಷ್ಟ. ಅದಕ್ಕಾಗಿ ಬೆರ್ರಿ ಹಣ್ಣು ಬೆಳೆಯುವುದಕ್ಕೆ ಉತ್ತೇಜನ ಕೊಟ್ಟರು. 2006ರ ಹೊತ್ತಿಗೆ 35ರಿಂದ 64 ವಯಸ್ಸಿನ ಗಂಡಸರಲ್ಲಿ ಹೃದಯಾಘಾತದ ಸಾವು ಸುಮಾರು ಶೇ 85 ಇಳಿದಿತ್ತು. ನಷ್ಟವಾಗುವವರನ್ನು ಹೊರಗಿಟ್ಟು ನಿರ್ಣಯ ಮಾಡಿದರೆ ಅದು ಜಾರಿಯಾಗುವುದಿಲ್ಲ. ಬಂಡಿಯವರಿಗೆ ‘ಎಣ್ಣೆ ಬದಲಾಯಿಸಿ’ ಎಂದರೆ ದಿನದ ಲಾಭ ಹೋಗುತ್ತದೆ. ಕರಿದು ಕಪ್ಪಾದ ಎಣ್ಣೆಗೆ ಹೊಸ ಎಣ್ಣೆ ಸುರಿಯುವ ಬದಲು, ಸಣ್ಣ ಬಾಣಲೆಯಲ್ಲಿ ಬೇಕಾದಷ್ಟೇ ಹಾಕಿ ಅಂದಂದೇ ಮುಗಿಸುವುದು ಅವರಿಗೂ ಗಿಟ್ಟುವ ದಾರಿ.

ತಂಬಾಕಿನ ವಿಚಾರದಲ್ಲಿ ಕಾನೂನು ನಿಮ್ಮ ಕಡೆಯಿದೆ. ಕರ್ನಾಟಕದಲ್ಲಿ ಗುಟ್ಕಾ ನಿಷೇಧವಾದದ್ದು 2013ರಲ್ಲಿ. ಆಮೇಲೆ ಪಾನ್ ಮಸಾಲಾ ಒಂದು ಪುಡಿಕೆ, ತಂಬಾಕು ಇನ್ನೊಂದು ಪುಡಿಕೆಯಾಗಿ ಜೋಡಿಯಾಗಿ ಮಾರಾಟ ಶುರುವಾಯಿತು. ಒಂದು ಕಡೆ ಒತ್ತಿದರೆ ಇನ್ನೊಂದು ಕಡೆ ಉಬ್ಬುವುದು ವ್ಯವಸ್ಥೆಯ ಸ್ವಭಾವ. ಶಾಲೆಯ ಆಸುಪಾಸಿನ ಅಂಗಡಿಗಳಿಂದ ಆರಂಭಿಸಿ, ಪರವಾನಗಿ ನವೀಕರಿಸುವಾಗ ಷರತ್ತು ಬರೆಸಿ. ನಡಿಗೆಗೆ ಜಿಮ್ ಸಾಮಾನು ತರಿಸಬೇಡಿ, ತುಕ್ಕು ಹಿಡಿಯುತ್ತದೆ. ಹೆಣ್ಣುಮಕ್ಕಳು ಯಾವ ದಾರಿಯಲ್ಲಿ ಸಂಜೆ ನಡೆಯಲು ಹಿಂಜರಿಯುತ್ತಾರೆ, ಏಕೆ ಎಂದು ಕೇಳಿ. ಬಹಳ ಕಡೆ ಉತ್ತರ ಬೀದಿದೀಪ, ನಾಯಿ, ಕುಡುಕರು.

ಹಣದ ಬಗ್ಗೆ: ಗ್ರಾಮ ಆರೋಗ್ಯ, ನೈರ್ಮಲ್ಯ ಮತ್ತು ಪೌಷ್ಟಿಕ ಸಮಿತಿಗೆ ವರ್ಷಕ್ಕೆ 10,000 ರೂಪಾಯಿವರೆಗೆ ಮುಕ್ತ ನಿಧಿ ಬರುತ್ತದೆ. ಅದರಲ್ಲಿ ದಪ್ಪ ತೋಳಿನ ಪಟ್ಟಿ, ಬ್ಯಾಟರಿ, ಬಿಪಿ ಮಷಿನ್ ತಪಾಸಣೆ, ರೋಗಿಗಳ ಕೈಚೀಟಿ ಇವುಗಳಿಗೆ ಹಾಕಿ. ಹೊಸಬರನ್ನು ಹುಡುಕುವುದು ನಿಲ್ಲಬೇಕಿಲ್ಲ, ಗೃಹ ಆರೋಗ್ಯ ಯೋಜನೆಯಲ್ಲಿ ಮನೆಮನೆ ತಪಾಸಣೆ ನಡೆಯುವಾಗ ಸ್ವಲ್ಪ ಸ್ವಲ್ಪವಾಗಿ ಸೇರಿಸುತ್ತ ಹೋಗಿ. ಫಲ ಯಾವಾಗ ಎಂದು ಸಭೆಯಲ್ಲಿ ಕೇಳುತ್ತಾರೆ, ಮೊದಲೇ ಹೇಳಿಬಿಡಿ. ಗುಳಿಗೆ ನುಂಗಿದ್ದರಿಂದ, ಉಪ್ಪು ತಗ್ಗಿಸಿದ್ದರಿಂದ ಬಿಪಿ ಇಳಿಯುವುದು ವಾರಗಳಲ್ಲಿ ಕಾಣುತ್ತದೆ. ಲಕ್ವಾ ಕಡಿಮೆಯಾಗುವುದು ವರ್ಷಗಳಲ್ಲಿ, ಅದೂ ಐದು ಹಳ್ಳಿಯಂಥ ಸಣ್ಣ ಸಂಖ್ಯೆಯಲ್ಲಿ ಒಂದು ವರ್ಷ ಹೆಚ್ಚು, ಒಂದು ವರ್ಷ ಕಡಿಮೆ ಆಗುತ್ತಲೇ ಇರುತ್ತದೆ. ತಂಬಾಕು ಬಿಡಿಸಿದ್ದರಿಂದ ಕ್ಯಾನ್ಸರ್ ತಗ್ಗಿದ್ದು ಕಾಣಲು ದಶಕಗಳು ಬೇಕು, ನಿಮ್ಮ ಐದು ವರ್ಷದ ಅವಧಿಯಲ್ಲಿ ಕಾಣುವುದಿಲ್ಲ.

ನಕ್ಷೆಯ ಸಭೆಗೂ ಮೊದಲು ಲಕ್ವಾ ಹೊಡೆದ ಆ ಮೂವರ ಮನೆಗೆ ಹೋಗಿ ಬನ್ನಿ. ಕೊನೆಯ ಗುಳಿಗೆ ಯಾವಾಗ ಮುಗಿಯಿತು, ಮುಗಿದ ದಿನ ಏನು ಕೆಲಸವಿತ್ತು, ತರಲು ಹೋದಾಗ ಸಿಕ್ಕಿತೇ, ಯಾರು ಏನು ಹೇಳಿದರು ಎಂದು ಕೇಳಿ. ತಪ್ಪು ಹುಡುಕಲು ಬಂದಿದ್ದಾರೆ ಎಂದು ಅವರಿಗೆ ಅನಿಸಬಾರದು. ಒಮ್ಮೆ ಹೊಡೆದವರಿಗೆ ಇನ್ನೊಮ್ಮೆ ಹೊಡೆಯುವ ಅಪಾಯ ಹೆಚ್ಚು, ಈಗಲೂ ಅವರ ಬಳಿ ಗುಳಿಗೆ ಇಲ್ಲದಿರಬಹುದು. ಸಿಎಚ್‌ಒ ಅವರನ್ನು ಜೊತೆಗೆ ಕರೆದುಕೊಂಡು ಹೋಗಿ, ಬಿಪಿ ನೋಡಿ, ವೈದ್ಯರು ಬರೆದದ್ದನ್ನು 30 ದಿನಕ್ಕಾಗುವಷ್ಟು ಅಂದೇ ಕೊಟ್ಟು ಬರಲಿ.